ಕಾಯಿಸಿದರೂ ಹೋಗದ ಅಮಲು

ಅಕ್ಕನ ಮಗ ಓದಲೆಂದು ಜರ್ಮನಿಯ ಡ್ರೆಸ್ಡೆನ್‌ಗೆ ಹೋದ ವರ್ಷದ ಡಿಸೆಂಬರ್. ನಮಗೆ ರಾತ್ರಿ ಹತ್ತೂವರೆ, ಅವನಿಗೆ ಸಂಜೆ ಆರು. ವಿಡಿಯೋ ಕಾಲ್‌ನಲ್ಲಿ ಕಿವಿ ಮುಚ್ಚುವ ಟೋಪಿ, ಕೆಂಪಗಾದ ಮೂಗು, ಬೆನ್ನ ಹಿಂದೆ ಸಾಲು ದೀಪ. ಕೈಯಲ್ಲಿ ಹಬೆಯಾಡುವ ಪಿಂಗಾಣಿ ಕಪ್ಪು.

‘ಏನೋ ಅದು, ಕಾಫೀನಾ?’ ಎಂದು ಅಕ್ಕ ನನ್ನ ಹೆಗಲ ಮೇಲಿಂದ ಇಣುಕಿದಳು.

‘ಕಷಾಯ ಅಮ್ಮ. ಕಿತ್ತಳೆ, ಚಕ್ಕೆ, ಲವಂಗ ಎಲ್ಲ ಹಾಕಿರ್ತಾರೆ.’

ಅಕ್ಕ ಸಮಾಧಾನದಿಂದ ಮಲಗಲು ಹೋದಳು. ಅವನು ದನಿ ತಗ್ಗಿಸಿದ: ‘ವೈನ್ ಮಾಮ. ಆದ್ರೆ ಚೆನ್ನಾಗಿ ಕಾಯಿಸಿರ್ತಾರೆ. ಅಮಲೆಲ್ಲ ಹಾರಿಹೋಗಿರುತ್ತೆ.’

ಒಂದೂವರೆ ಗಂಟೆಯ ಮೇಲೆ ಮತ್ತೆ ಫೋನ್ ಬಂತು. ಮೂರು ಕಪ್ ಆಗಿತ್ತಂತೆ. ಮನೆಗೆ ಹೋಗುವ ಟ್ರಾಮ್ ಹತ್ತಿದ್ದಾನೆ, ಆದರೆ ಅದು ಎದುರು ದಿಕ್ಕಿಗೆ ಹೊರಟಿದೆ, ಯಾಕೆ ಎಂದು ನನ್ನನ್ನು ಕೇಳುತ್ತಿದ್ದಾನೆ. ಮೈಸೂರಿನಲ್ಲಿ ಮಂಚದ ಮೇಲೆ ಕೂತ ನಾನು ಏನು ಹೇಳಲಿ?

ಅಕ್ಕನಿಗೆ ಅವನು ಹೇಳಿದ್ದು ಬಹುಪಾಲು ನಿಜ. ನನಗೆ ಹೇಳಿದ್ದು ಬಹುಪಾಲು ಸುಳ್ಳು. ಬೇಕೆಂದು ಹೇಳಿದ ಸುಳ್ಳಲ್ಲ. ನೀರು ಕುದಿಯುವುದು 100 ಡಿಗ್ರಿ ಸೆಲ್ಸಿಯಸ್‌ಗೆ, ಆಲ್ಕೋಹಾಲ್ ಕುದಿಯುವುದು 78ಕ್ಕೆ ಎಂದು ಹೈಸ್ಕೂಲಿನಲ್ಲಿ ಅವನೂ ಓದಿದ್ದಾನೆ, ನಾವೂ ಓದಿದ್ದೇವೆ. ಅಂದಮೇಲೆ ಎರಡನ್ನೂ ಒಟ್ಟಿಗೆ ಒಲೆಯ ಮೇಲಿಟ್ಟರೆ ಆಲ್ಕೋಹಾಲ್ ಮೊದಲು ಗಂಟುಮೂಟೆ ಕಟ್ಟಬೇಕಲ್ಲವೆ? ಕಟ್ಟುವುದಿಲ್ಲ. ಏಕೆಂದು ನೋಡಲು ಹೊರಟರೆ ಆ ಕಪ್ಪಿನ ಘಮಕ್ಕೂ ಅದರ ಅಮಲಿಗೂ ಇರುವ ನೆಂಟಸ್ತನ ತಿಳಿಯುತ್ತದೆ.

ಕಷಾಯವೇ ಹೌದು

ಅವನು ನಿಂತಿದ್ದ ಸಂತೆಯ ಹೆಸರು ಶ್ಟ್ರೀಟ್ಸೆಲ್‌ಮಾರ್ಕ್ಟ್. ಕ್ರಿಸ್‌ಮಸ್‌ಗೆ ಮುಂಚಿನ ವಾರಗಳಲ್ಲಿ ನಡೆಯುವ ಇದು 1434ರಲ್ಲಿ ಶುರುವಾಯಿತು. ಕುಡಿದದ್ದು ಗ್ಲೂವೈನ್. ‘ಗ್ಲೂ’ ಎಂದರೆ ಕೆಂಡದಂತೆ ಹೊಳೆಯುವುದು. ಹಿಂದೆ ಕಾದ ಕಬ್ಬಿಣದ ಸರಳನ್ನು ವೈನಿಗೆ ಅದ್ದಿ ಬಿಸಿ ಮಾಡುತ್ತಿದ್ದುದರಿಂದ ಈ ಹೆಸರು ಬಂದಿತೆನ್ನುತ್ತಾರೆ. ಕೆಂಪು ವೈನ್, ಸಕ್ಕರೆ, ಕಿತ್ತಳೆ ಬಿಲ್ಲೆ, ಚಕ್ಕೆ, ಲವಂಗ, ಕೆಲವರು ಹಾಕುವ ಚಕ್ರಮೊಗ್ಗು, ಇಷ್ಟೇ. ಗ್ಲೂವೈನ್ ಎಂಬ ಹೆಸರಿನಲ್ಲಿ ಮಾರಬೇಕಾದರೆ ಅದರಲ್ಲಿ ನೂರಕ್ಕೆ 7 ಭಾಗವಾದರೂ ಆಲ್ಕೋಹಾಲ್ ಇರಲೇಬೇಕು, ಸಿಹಿ ಬೆರೆಸುವಾಗ ಸೇರುವಷ್ಟನ್ನು ಬಿಟ್ಟು ನೀರು ಹಾಕಕೂಡದು ಎಂಬುದು ಯುರೋಪ್ ಒಕ್ಕೂಟದ ಕಾನೂನು. ನಮ್ಮ ಬೀದಿಯ ಹಾಲಿನವನಿಗೂ ಇಂಥದ್ದೊಂದು ಕಾನೂನು ಇದ್ದಿದ್ದರೆ ಚೆನ್ನಾಗಿತ್ತು.

ಸ್ವೀಡನ್ನಿನವರು ಇದಕ್ಕೆ ಒಣದ್ರಾಕ್ಷಿ, ಬಾದಾಮಿ ಸೇರಿಸಿ ಗ್ಲಗ್ ಎನ್ನುತ್ತಾರೆ. ಇಂಗ್ಲೆಂಡಿನವರು ಲವಂಗ ಚುಚ್ಚಿದ ಕಿತ್ತಳೆಯನ್ನು ಇಡಿಯಾಗಿ ಸುಟ್ಟು ವೈನಿಗೆ ಹಾಕಿ ‘ಬಿಷಪ್’ ಎಂದರು. 1843ರಲ್ಲಿ ಡಿಕೆನ್ಸ್ ಬರೆದ ಕ್ರಿಸ್‌ಮಸ್ ಕತೆಯ ಕೊನೆಯಲ್ಲಿ ಜಿಪುಣ ಸ್ಕ್ರೂಜ್ ಮನಸ್ಸು ಬದಲಾಗಿ ಗುಮಾಸ್ತನನ್ನು ಕುಡಿಯಲು ಕರೆಯುವುದು ಇದನ್ನೇ. ಇನ್ನೂ ಹಿಂದಕ್ಕೆ ಹೋದರೆ ಅಪೀಸಿಯಸ್‌ನ ಹೆಸರಿನಲ್ಲಿ ಉಳಿದಿರುವ ರೋಮನ್ನರ ಅಡುಗೆ ಪುಸ್ತಕವಿದೆ. ಅದು ಆರಂಭವಾಗುವುದೇ ಜೇನು, ಖರ್ಜೂರ, ಕೇಸರಿ, ಕರಿಮೆಣಸು ಹಾಕಿ ಕಾಯಿಸಿದ ವೈನಿನಿಂದ. ಆ ಮೆಣಸು ಹಡಗು ಹತ್ತಿದ್ದು ನಮ್ಮ ಪಶ್ಚಿಮ ಕರಾವಳಿಯಲ್ಲಿ. ಅಂದರೆ ಕಷಾಯದ ಅರ್ಧ ಸಾಮಾನು ನಮ್ಮ ಕಡೆಯದೇ.

ಇಂಗಿನ ಪಾಠ

ಒಂದು ಚಿಟಿಕೆ ಇಂಗನ್ನು ಬಿಸಿನೀರಿಗೆ ಹಾಕಿ ನೋಡಿ. ಮೂಗಿಗೆ ಬಡಿಯುತ್ತದೆ, ನಿಜ. ಆದರೆ ಅದೇ ಚಿಟಿಕೆಯನ್ನು ಒಗ್ಗರಣೆ ಸೌಟಿನ ಕಾದ ತುಪ್ಪಕ್ಕೆ ಹಾಕಿ ಸಾರಿಗೆ ಚುಂಯ್ ಎನ್ನಿಸಿದರೆ ಮೂರನೆಯ ಮನೆಯವರಿಗೂ ಇವತ್ತು ನಿಮ್ಮಲ್ಲಿ ಸಾರು ಎಂದು ಗೊತ್ತಾಗುತ್ತದೆ. ಅಜ್ಜಿಯರು ಇದನ್ನು ಯಾವ ಪ್ರಯೋಗಶಾಲೆಗೂ ಹೋಗದೆ ಕಂಡುಕೊಂಡಿದ್ದರು: ಮಸಾಲೆಯ ಪರಿಮಳಕ್ಕೆ ನೀರಿಗಿಂತ ಎಣ್ಣೆ ಇಷ್ಟ.

ಏಕೆಂದರೆ ಆ ಪರಿಮಳವೂ ಒಂದು ಬಗೆಯ ಎಣ್ಣೆಯೇ. ಘಮದೆಣ್ಣೆ ಎನ್ನೋಣ. ಕಿತ್ತಳೆ ಸಿಪ್ಪೆಯನ್ನು ಬೆಳಕಿಗೆ ಹಿಡಿದರೆ ಅದರ ತುಂಬ ಸಣ್ಣ ಸಣ್ಣ ಗುಳಿಗಳು ಕಾಣುತ್ತವೆ. ಒಂದೊಂದೂ ಘಮದೆಣ್ಣೆಯ ಗುಡಾಣ. ಚಿಕ್ಕವರಿದ್ದಾಗ ಈ ಸಿಪ್ಪೆಯನ್ನು ಮಡಚಿ ತಮ್ಮನ ಕಣ್ಣಿಗೆ ಚಿಮ್ಮಿಸಿ ಒದೆ ತಿಂದವರಿಗೆ ಇದು ಗೊತ್ತು. ಕರೆಂಟು ಹೋದಾಗ ಮೇಣದಬತ್ತಿಯ ಮುಂದೆ ಹಿಂಡಿ ನೋಡಿ, ಚಟಪಟ ಕಿಡಿ ಹಾರುತ್ತದೆ. ನೀರಾಗಿದ್ದರೆ ಉರಿಯುತ್ತಿತ್ತೆ? ಆ ಎಣ್ಣೆಯಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಪಾಲು ಲಿಮೊನೀನ್ ಎಂಬ ಒಂದೇ ವಸ್ತು. ಲವಂಗದಲ್ಲಿ ಯೂಜಿನಾಲ್, ಚಕ್ಕೆಯಲ್ಲಿ ಸಿನಮಾಲ್ಡಿಹೈಡ್ ಎಂದು ಬೇರೆ ಬೇರೆ ಹೆಸರು. ಗುಣ ಮಾತ್ರ ಒಂದೇ: ನೀರೆಂದರೆ ಅಷ್ಟಕ್ಕಷ್ಟೆ.

ಹಾಗಾದರೆ ತುಪ್ಪವೇ ಇಲ್ಲದ ವೈನಿಗೆ ಇವೆಲ್ಲ ಇಳಿಯುವುದು ಹೇಗೆ?

ಕಾಸರಗೋಡಿನ ಕಂಡಕ್ಟರ್

ಮಂಗಳೂರಿನಿಂದ ಕಾಸರಗೋಡಿಗೆ ಬಸ್ಸಿನಲ್ಲಿ ಹೋಗಿದ್ದೀರಾ? ಕಂಡಕ್ಟರ್ ಮುಂದಿನ ಸೀಟಿನ ಅಜ್ಜಿಯೊಂದಿಗೆ ತುಳುವಿನಲ್ಲಿ ಚಿಲ್ಲರೆಗೆ ಜಗಳವಾಡಿ, ಹಿಂದಿನ ಸೀಟಿನವರಿಗೆ ಮಲಯಾಳದಲ್ಲಿ ಟಿಕೇಟು ಹರಿದು, ನಮ್ಮತ್ತ ತಿರುಗಿ ಕನ್ನಡದಲ್ಲಿ ‘ಎಲ್ಲಿಗೆ?’ ಎನ್ನುತ್ತಾನೆ. ಬಸ್ಸಿನಲ್ಲಿರುವವರು ಒಬ್ಬರಿಗೊಬ್ಬರು ಮಾತಾಡದಿದ್ದರೂ ಅವನು ಎಲ್ಲರಿಗೂ ಬೇಕಾದವನು.

ಆಲ್ಕೋಹಾಲ್ ಅಂಥ ಕಂಡಕ್ಟರ್. ಅದರ ಅಣುವನ್ನು ಒಂದು ಗೊದಮೊಟ್ಟೆ ಎಂದುಕೊಳ್ಳಿ. ತಲೆಯಲ್ಲಿ ಒಂದು ಆಕ್ಸಿಜನ್, ಒಂದು ಹೈಡ್ರೋಜನ್. ನೀರಿನ ಅಣುವನ್ನೇ ಮುರಿದು ಅಂಟಿಸಿದಂತಿದೆ. ಈ ತಲೆಗೆ ನೀರೊಲವು. ಬಾಲದಲ್ಲಿ ಎರಡು ಕಾರ್ಬನ್, ಅವುಗಳ ಸುತ್ತ ಐದು ಹೈಡ್ರೋಜನ್. ಇದು ಎಣ್ಣೆಯ ಉದ್ದನೆಯ ಸರಪಳಿಯ ಒಂದು ತುಣುಕು. ಈ ಬಾಲಕ್ಕೆ ಎಣ್ಣೆಯೊಲವು. ತಲೆ ನೀರಿನ ಕೈ ಹಿಡಿಯುತ್ತದೆ, ಬಾಲ ಘಮದೆಣ್ಣೆಗೆ ಅಂಟಿಕೊಳ್ಳುತ್ತದೆ. ನೀರಿನ ಕಡೆ ಮುಖ ಮಾಡದ ಕಿತ್ತಳೆ, ಲವಂಗಗಳ ಪರಿಮಳ ಹೀಗೆ ಕಂಡಕ್ಟರನ ಪರಿಚಯದಿಂದ ಬಸ್ಸು ಹತ್ತುತ್ತದೆ.

ಕಣ್ಣಾರೆ ನೋಡಬೇಕಿದ್ದರೆ ಇಟಲಿಯವರು ಮಾಡುವ ಲಿಮೊಂಚೆಲ್ಲೋ ಒಳ್ಳೆಯ ಸಾಕ್ಷಿ. ನಿಂಬೆಯ ಹಳದಿ ಸಿಪ್ಪೆಯನ್ನು ಕಡಕ್ ಮದ್ಯದಲ್ಲಿ ದಿನಗಟ್ಟಲೆ ನೆನೆಹಾಕುತ್ತಾರೆ. ಮದ್ಯ ಹಳದಿಯಾಗುತ್ತದೆ, ಆದರೆ ಗಾಜಿನಷ್ಟು ತಿಳಿ. ಅದಕ್ಕೆ ಸಕ್ಕರೆ ಪಾಕ ಸುರಿದೊಡನೆ ಮಜ್ಜಿಗೆಯಂತೆ ಮಬ್ಬಾಗುತ್ತದೆ. ನೀರು ಹೆಚ್ಚಿತು, ಇದ್ದಬದ್ದ ಕಂಡಕ್ಟರರೆಲ್ಲ ನೀರಿನ ಪಾಲಾದರು, ಒಂಟಿಯಾದ ಘಮದೆಣ್ಣೆ ಸೂಕ್ಷ್ಮ ಹನಿಗಳಾಗಿ ಗುಂಪುಗೂಡಿತು. ಮಬ್ಬು ಎಂದರೆ ಆ ಹನಿಗಳೇ.

ವೈನಿನಲ್ಲಿ ಆಲ್ಕೋಹಾಲ್ ಇರುವುದು ನೂರಕ್ಕೆ ಸುಮಾರು 12 ಭಾಗ. ಕಂಡಕ್ಟರರು ಕಡಿಮೆ, ಆದ್ದರಿಂದ ಕೆಲಸವೂ ನಿಧಾನ. ಶಾಖ ಅದಕ್ಕೆ ನೆರವಾಗುತ್ತದೆ. ಅಣುಗಳು ಚುರುಕಾಗುತ್ತವೆ, ಸಿಪ್ಪೆಯ ಗುಡಾಣಗಳು ಮೆತ್ತಗಾಗಿ ಒಡೆಯುತ್ತವೆ. ಮೂಗಿಗೆ ಬೇಕಾದದ್ದೂ ಎಳ್ಳಷ್ಟೇ ಆದ್ದರಿಂದ ಇಷ್ಟರಲ್ಲೇ ನಡೆದುಹೋಗುತ್ತದೆ.

78ರ ಭ್ರಮೆ

ಈಗ ಟ್ರಾಮಿನ ಪ್ರಶ್ನೆಗೆ ಬರೋಣ. 78 ಡಿಗ್ರಿ ಎಂಬುದು ಬರೀ ಆಲ್ಕೋಹಾಲ್ ಕುದಿಯುವ ಉಷ್ಣತೆ. ಒಂದು ದ್ರವ ಕುದಿಯಬೇಕಾದರೆ ಅದರಿಂದೇಳುವ ಆವಿ ಮೇಲಿನಿಂದ ಒತ್ತುವ ಗಾಳಿಗೆ ಸರಿಸಾಟಿಯಾಗಿ ಎದುರೊತ್ತಬೇಕು. ಬರೀ ಆಲ್ಕೋಹಾಲ್ ಆದರೆ ಎಲ್ಲ ಅಣುಗಳೂ ಒಗ್ಗಟ್ಟಾಗಿ ಒತ್ತುತ್ತವೆ. ವೈನಿನಲ್ಲಿ? ಲೆಕ್ಕ ಹಾಕಿ ನೋಡಿದೆ. ಒಂದು ಆಲ್ಕೋಹಾಲ್ ಅಣುವಿಗೆ ಸುಮಾರು 24 ನೀರಿನ ಅಣುಗಳು! ಇಷ್ಟು ಅಲ್ಪಸಂಖ್ಯಾತರು 78ರಲ್ಲಿ ಎಷ್ಟೆಂದು ಒತ್ತಿಯಾರು? ಹಾಗಾಗಿ ವೈನ್ 78ರಲ್ಲಿ ಕುದಿಯುವುದಿಲ್ಲ. ತೊಂಬತ್ತು ದಾಟಿದ ಮೇಲೆ, ನೀರೂ ಆಲ್ಕೋಹಾಲೂ ಕೂಡಿ ಒತ್ತಿದಾಗ ಕುದಿಯುತ್ತದೆ. ಕೂಡಿ ಕುದಿಯುವುದರಿಂದ ಹೊರಡುವುದೂ ಕೂಡಿಯೇ.

ಹಾಗೆಂದು ಇಬ್ಬರೂ ಸಮಸಮ ಅಲ್ಲ. ಗೊದಮೊಟ್ಟೆಯ ಬಾಲ ನೆನಪಿದೆಯಲ್ಲ, ಅದಕ್ಕೆ ಸುತ್ತಲಿನ ನೀರು ಕಿರಿಕಿರಿ. ಬಿಡಿಸಿಕೊಂಡು ಹೋಗಲು ಆಲ್ಕೋಹಾಲ್‌ಗೆ ಆತುರ ಹೆಚ್ಚು. ಕುದಿಯುವ ವೈನಿನ ಮೊದಲ ಆವಿಯನ್ನು ಹಿಡಿದು ತಂಪು ಮಾಡಿದರೆ ಅದರಲ್ಲಿ ಸುಮಾರು ಅರ್ಧದಷ್ಟು ಆಲ್ಕೋಹಾಲ್ ಇರುತ್ತದೆ. ಭಟ್ಟಿ ಇಳಿಸುವವರ ಹೊಟ್ಟೆಪಾಡು ನಡೆಯುವುದು ಈ ಆತುರದಿಂದಲೇ. ಆದರೆ ಉಳಿದರ್ಧ ನೀರು ಎಂಬುದನ್ನು ಮರೆಯಬಾರದು.

ಇನ್ನೂ ಒಂದು ತೊಡಕಿದೆ. ಮೊರದಲ್ಲಿ ಅಕ್ಕಿ ಆರಿಸುವಾಗ ಮೊದಲೈದು ನಿಮಿಷ ಕೈಗೆ ಕಲ್ಲೋ ಕಲ್ಲು. ಆಮೇಲೆ ಒಂದೊಂದು ಕಲ್ಲಿಗೂ ಇಡೀ ಮೊರ ಜಾಲಾಡಬೇಕು. ಕೊನೆಯ ಕಲ್ಲು ಸಿಗುವುದು ಊಟದೆಲೆಯಲ್ಲಿ, ಹಲ್ಲಿಗೆ. ಆಲ್ಕೋಹಾಲ್ ಕಡಿಮೆಯಾದಂತೆ ಮುಂದಿನ ಆವಿಯಲ್ಲಿ ಅದರ ಪಾಲೂ ಇಳಿಯುತ್ತ ಹೋಗುತ್ತದೆ. ಅಮೆರಿಕದಲ್ಲಿ 1992ರಲ್ಲಿ ಅಡುಗೆ ಮಾಡಿ ಅಳೆದು ಪ್ರಕಟಿಸಿದ ಅಂಕಿಗಳು, ಆ ಬಳಿಕ ಅಲ್ಲಿನ ಕೃಷಿ ಇಲಾಖೆ ತನ್ನ ಪಟ್ಟಿಯಲ್ಲಿ ಕೊಟ್ಟ ಅಂಕಿಗಳು ಇದನ್ನೇ ತೋರಿಸುತ್ತವೆ. ಕುದಿಯುವ ಪದಾರ್ಥಕ್ಕೆ ಮದ್ಯ ಬೆರೆಸಿ ಕೂಡಲೇ ಇಳಿಸಿದರೆ ನೂರಕ್ಕೆ 85 ಭಾಗ ಅದರಲ್ಲೇ ಉಳಿದಿತ್ತು. 15 ನಿಮಿಷ ಬೇಯಿಸಿದರೆ 40, ಒಂದು ಗಂಟೆಗೆ 25, ಎರಡೂವರೆ ಗಂಟೆಯ ಮೇಲೂ 5. ಗ್ಲೂವೈನ್ ಮಾರುವವರು ಕುದಿಸುವುದೇ ಇಲ್ಲ. ಮುಚ್ಚಿದ ಹಂಡೆಯಲ್ಲಿ, ಕುದಿಯಲು ಬಿಡದೆ, ಬಿಸಿ ಇಟ್ಟಿರುತ್ತಾರೆ. ನಮ್ಮ ಹುಡುಗ ಕುಡಿದದ್ದರಲ್ಲಿ ಹೆಚ್ಚೇನೂ ಹಾರಿರಲಿಲ್ಲ.

ಬೆಂಕಿ ಹಚ್ಚಿದರೆ?

‘ಕುದಿಸಿದರೆ ಹೋಗದು, ಸರಿ. ಸುಟ್ಟರೆ ಹೋದೀತಲ್ಲ’ ಎಂದು ವಾದಿಸುವವರಿಗೂ ಜರ್ಮನಿಯಲ್ಲಿ ಉತ್ತರವಿದೆ. ಫಾಯರ್‌ತ್ಸಾಂಗನ್‌ಬೋಲ ಎಂಬ ಪಾನೀಯ. ನಾಲಿಗೆ ಹೊರಳದಿದ್ದರೆ ಬೆಂಕಿ ಇಕ್ಕಳದ ಬೋಗುಣಿ ಎಂದುಕೊಳ್ಳಿ. ಇದನ್ನೇ ಹೆಸರಾಗಿಟ್ಟುಕೊಂಡ 1944ರ ಸಿನಿಮಾ ಒಂದಿದೆ. ಅಲ್ಲಿನ ವಿದ್ಯಾರ್ಥಿಗಳು ಪ್ರತಿ ಡಿಸೆಂಬರಿನಲ್ಲೂ ಅದನ್ನು ಹಾಕಿಕೊಂಡು ನೋಡುತ್ತಾರೆ.

ಕಿತ್ತಳೆ, ಲವಂಗ ಹಾಕಿದ ಬಿಸಿ ವೈನಿನ ಬೋಗುಣಿಯ ಮೇಲೆ ಅಡ್ಡಡ್ಡ ಒಂದು ಇಕ್ಕಳ. ಅದರ ಮೇಲೆ ಸಕ್ಕರೆಯ ಗೋಪುರ, ನಮ್ಮ ಸಂಕ್ರಾಂತಿ ಸಕ್ಕರೆ ಅಚ್ಚಿನ ದೊಡ್ಡಣ್ಣ. ಅದಕ್ಕೆ 54 ಭಾಗ ಆಲ್ಕೋಹಾಲ್ ಇರುವ ರಮ್ ಕುಡಿಸಿ ಕಡ್ಡಿ ಗೀರುತ್ತಾರೆ. ದೀಪ ಆರಿಸಿದರೆ ನೀಲಿ ಜ್ವಾಲೆ ಗೋಪುರವನ್ನು ನೆಕ್ಕುತ್ತಿರುವುದು ಕಾಣುತ್ತದೆ. ಸಕ್ಕರೆ ಕರಗಿ, ಕಂದಿ, ಉರಿಯುವ ಹನಿಗಳಾಗಿ ವೈನಿಗೆ ತೊಟ್ಟಿಕ್ಕುತ್ತದೆ. ಬಿದ್ದ ಹನಿ ಪಿಸ್ಸೆಂದು ಆರುತ್ತದೆ.

ಆರುವುದೇಕೆ? ಉರಿಯುವುದು ದ್ರವವಲ್ಲ, ಅದರ ಮೇಲಿನ ಆವಿ. ಆವಿಯಲ್ಲಿ ಆಲ್ಕೋಹಾಲ್ ದಟ್ಟವಾಗಿರುವ ತನಕ ಜ್ವಾಲೆ, ತೆಳುವಾದೊಡನೆ ಕತ್ತಲೆ. ತಣ್ಣಗಿನ ವೈನಿಗೆ ಕಡ್ಡಿ ಗೀರಿದರೆ ಏನೂ ಆಗದಿರುವುದೂ ಇದಕ್ಕೇ. ಹೀಗೆ ಬೆಂಕಿ ಹಚ್ಚಿ ಮಾಡಿದ ಭಕ್ಷ್ಯಗಳಲ್ಲೂ ಮುಕ್ಕಾಲು ಪಾಲು ಆಲ್ಕೋಹಾಲ್ ಉಳಿದಿರುತ್ತದೆ ಎನ್ನುತ್ತದೆ ಅದೇ ಪಟ್ಟಿ. ಉರಿಗಿಂತ ಆರ್ಭಟ ಜಾಸ್ತಿ.

ಮೊದಲು ಹೊರಡುವುದು ಘಮ

ಅಮಲು ಬೇಡವೆಂದು ಗಳಗಳ ಕುದಿಸುವವರು ಕಳೆದುಕೊಳ್ಳುವುದು ಬೇರೆಯದನ್ನು. ಲಿಮೊನೀನ್ ಕುದಿಯುವುದು 176 ಡಿಗ್ರಿಗೆ, ಯೂಜಿನಾಲ್ 250ರ ಆಚೆಗೆ. ಅವು ಗಟ್ಟಿ ಕುಳಗಳು, ಎಲ್ಲಿಗೂ ಹೋಗವು ಎನಿಸುತ್ತದೆ. ಆದರೆ ತಂತಿಯ ಮೇಲೆ ಹರವಿದ ಸೀರೆ ಒಣಗಲು ನೀರು 100 ಡಿಗ್ರಿ ಮುಟ್ಟಬೇಕಾಗಿಲ್ಲವಲ್ಲ! ಕುದಿಯದೆಯೂ ಅಣುಗಳು ಹಾರುತ್ತವೆ. ಕೋಣೆಯ ತಾಪದಿಂದ 70 ಡಿಗ್ರಿಗೆ ಏರಿಸಿದರೆ ನೀರಾಗಲಿ ಆಲ್ಕೋಹಾಲ್ ಆಗಲಿ, ಅದರ ಆವಿಯ ಒತ್ತು ಹತ್ತು ಪಟ್ಟಿಗೂ ಮಿಕ್ಕಿ ಹೆಚ್ಚುತ್ತದೆ. ಘಮದೆಣ್ಣೆಯ ಒತ್ತೂ ಹಾಗೆಯೇ ಏರುತ್ತದೆ. ಬಿಸಿ ಕಪ್ಪನ್ನು ಮೂಗಿನ ಹತ್ತಿರ ತಂದೊಡನೆ ಮೊದಲ ಉಸಿರಿಗೇ ಕೆಮ್ಮು ಬರುವುದು ಅದರಿಂದ. ಕುದಿತ ಶುರುವಾದರಂತೂ ಏಳುವ ಹಬೆ ಘಮದೆಣ್ಣೆಯನ್ನು ಗುಡಿಸಿಕೊಂಡು ಹೋಗುತ್ತದೆ. ಗುಲಾಬಿ ಎಸಳು, ನೀಲಗಿರಿ ಎಲೆಗಳಿಂದ ತೈಲ ಇಳಿಸುವ ವಿಧಾನವೇ ಇದು. ಅರ್ಧ ಗಂಟೆ ಕುದಿಸಿದರೆ ಅಡುಗೆಮನೆಯೆಲ್ಲ ಘಮ್ ಎನ್ನುತ್ತದೆ, ಕಪ್ಪಿನಲ್ಲಿ ಹುಳಿ ಒಗರು ಉಳಿಯುತ್ತದೆ. ಜೊತೆಗೆ ಬೇಡವೆಂದ ಅಮಲಿನದೂ ಒಂದು ಪಾಲು.

ಹಾಗಾದರೆ ಮಾಡುವುದು ಹೇಗೆ? ನಾನು ಮಾಡುವುದನ್ನು ಹೇಳುತ್ತೇನೆ. ಕಿತ್ತಳೆಯ ಮೇಲ್ಪದರವನ್ನಷ್ಟೇ ತೆಳ್ಳಗೆ ಹೆರೆದುಕೊಳ್ಳಿ. ಕಿತ್ತಳೆ ಸಿಪ್ಪೆ ಗೊಜ್ಜು ಮಾಡಿದವರಿಗೆ ಒಳಗಿನ ಬಿಳಿಯ ಕಹಿ ಹೇಳಿಕೊಡಬೇಕಿಲ್ಲ. ಗೊಜ್ಜಿನಲ್ಲಿ ಅದನ್ನು ಹುಳಿ ಬೆಲ್ಲ ಹಾಕಿ ಪಳಗಿಸುತ್ತೇವೆ, ವೈನಿನಲ್ಲಿ ಅದು ಪಳಗದು. ಹೆರೆದ ಸಿಪ್ಪೆ, ಬೆರಳುದ್ದ ಚಕ್ಕೆ, ನಾಲ್ಕು ಲವಂಗ, ಗುದ್ದಿದ ಎರಡು ಏಲಕ್ಕಿ, ಇವನ್ನು ನಾಲ್ಕು ಚಮಚ ರಮ್ಮಿನಲ್ಲಿ ಗಂಟೆ ಹೊತ್ತು ನೆನೆಹಾಕಿ ಮುಚ್ಚಿಡಿ. ಕಂಡಕ್ಟರರು ಹೆಚ್ಚಿರುವ ಕಡೆ ಮೊದಲು ಕೆಲಸ ಮುಗಿಯಲಿ. ಒಗ್ಗರಣೆಯ ತರ್ಕವೇ ಇದು, ತುಪ್ಪದ ಜಾಗದಲ್ಲಿ ರಮ್. ಬೇರೆ ಪಾತ್ರೆಯಲ್ಲಿ ಒಂದು ಬಾಟಲಿ ವೈನಿಗೆ ನಾಲ್ಕೈದು ಚಮಚ ಸಕ್ಕರೆ, ಎರಡು ಕಿತ್ತಳೆಯ ರಸ ಸೇರಿಸಿ ಸಣ್ಣ ಉರಿಯಲ್ಲಿಡಿ. ಹಬೆ ಎದ್ದು, ಪಾತ್ರೆಯ ಅಂಚಿನಲ್ಲಿ ಸಾಸಿವೆ ಗಾತ್ರದ ಗುಳ್ಳೆ ಕಾಣುವಷ್ಟರಲ್ಲಿ ಇಳಿಸಬೇಕು. ಉರಿ ಆರಿಸಿದ ಮೇಲೆ ನೆನೆದ ರಮ್ ಸುರಿದು ಹತ್ತು ನಿಮಿಷ ಮುಚ್ಚಿಡಿ. ಮುಚ್ಚಳದ ಒಳಮೈಯಿಂದ ತೊಟ್ಟಿಕ್ಕುವ ಹನಿಗಳನ್ನು ಪಾತ್ರೆಗೇ ಕೊಡವಿ, ತಪ್ಪಿಸಿಕೊಂಡು ಹೊರಟಿದ್ದ ಘಮ ಅದರಲ್ಲಿದೆ.

ಕುಡಿಯದವರು ಇದನ್ನೇ ದ್ರಾಕ್ಷಿ, ಸೇಬಿನ ರಸದಲ್ಲಿ ಮಾಡಬಹುದು. ಜರ್ಮನಿಯಲ್ಲಿ ಮಕ್ಕಳಿಗೆ ಕೊಡುವ ಕಿಂಡರ್‌ಪುನ್ಶ್ ಅಂಥದ್ದು. ಕಂಡಕ್ಟರ್ ಇಲ್ಲದ ಬಸ್ಸು, ಘಮ ತುಸು ಕಡಿಮೆ. ನನ್ನನ್ನು ಕೇಳಿದರೆ ಅದಕ್ಕಿಂತ ನಮ್ಮ ಕೇಸರಿ, ಏಲಕ್ಕಿ ಹಾಕಿದ ಬಾದಾಮಿ ಹಾಲೇ ಲೇಸು. ಹಾಲಿನ ಕೊಬ್ಬು ಘಮದೆಣ್ಣೆಯನ್ನು ಬರಮಾಡಿಕೊಳ್ಳುತ್ತದೆ.

ಎದೆಯೊಳಗಿನ ಬಿಸಿ

‘ಚಳಿಗೆ ಒಂದು ಗುಟುಕು’ ಎಂಬ ಮಾತು ಡ್ರೆಸ್ಡೆನ್‌ನಲ್ಲೂ ಇದೆ, ಮಡಿಕೇರಿಯಲ್ಲೂ ಇದೆ. ಗುಟುಕು ಇಳಿದಂತೆ ಎದೆಯೊಳಗೆ ಬೆಚ್ಚಗೆ ಗೆರೆ ಎಳೆದಂತಾಗುವುದು ಸುಳ್ಳಲ್ಲ. ಬಾಯಿ, ಗಂಟಲು, ಅನ್ನನಾಳದ ನರತುದಿಗಳಲ್ಲಿ ಉರಿಗಾವಲುಗಾರರಿದ್ದಾರೆ. ಸುಮಾರು 42 ಡಿಗ್ರಿ ದಾಟಿದರೆ ‘ಬಿಸಿ, ಬಿಸಿ’ ಎಂದು ಕೂಗುವುದು ಇವರ ಕೆಲಸ. ಮೆಣಸಿನಕಾಯಿ ತಿಂದಾಗ ಬಾಯಿ ಉರಿಯುವುದೂ ಇವರು ಕೂಗಿದ್ದಕ್ಕೆ. 1997ರಲ್ಲಿ ಇವರನ್ನು ಪತ್ತೆಹಚ್ಚಿದ ತಂಡದ ಮುಖ್ಯಸ್ಥ ಡೇವಿಡ್ ಜೂಲಿಯಸ್ 2021ರ ನೊಬೆಲ್ ಹಂಚಿಕೊಂಡರು. ಆಲ್ಕೋಹಾಲ್ ತಾಗಿದರೆ ಈ ಗಾವಲುಗಾರರು ಸುಮಾರು 34 ಡಿಗ್ರಿಗೇ ಕೂಗತೊಡಗುತ್ತಾರೆ ಎಂದು 2002ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ನಮ್ಮ ಮೈಯ ಬಿಸಿಯೇ 37. ಅಂದರೆ ಅವರು ವರದಿ ಮಾಡುತ್ತಿರುವುದು ನಮ್ಮದೇ ಬಿಸಿಯನ್ನು.

ಹೊರಗಡೆ ನಡೆಯುವುದು ತಿರುಗುಮುರುಗು. ಆಲ್ಕೋಹಾಲ್ ಚರ್ಮದ ರಕ್ತನಾಳಗಳನ್ನು ಸಡಿಲಿಸುತ್ತದೆ. ಒಳಗಿನ ಬೆಚ್ಚನೆ ರಕ್ತ ಚರ್ಮಕ್ಕೆ ನುಗ್ಗುತ್ತದೆ, ಕೆನ್ನೆ ಕೆಂಪಾಗುತ್ತದೆ, ಬಿಸಿಯೆಲ್ಲ ಡಿಸೆಂಬರಿನ ಗಾಳಿಗೆ ದಾನವಾಗುತ್ತದೆ. ಕಪ್ಪಿನಿಂದ ನಿಜಕ್ಕೂ ಬೆಚ್ಚಗಾಗುವುದು ಅದನ್ನು ಹಿಡಿದ ಎರಡು ಅಂಗೈ.

ಆ ಸಂತೆಗಳಲ್ಲಿ ಕಪ್ಪಿಗೆಂದು ಕೆಲವು ಯೂರೋ ಠೇವಣಿ ಇಟ್ಟುಕೊಳ್ಳುತ್ತಾರೆ. ಕುಡಿದು ಕಪ್ಪು ಮರಳಿಸಿದರೆ ದುಡ್ಡು ವಾಪಸ್. ಮೂರನೆಯ ಕಪ್ ಆದ ಮೇಲೆ ನಮ್ಮ ಹುಡುಗ ಅದನ್ನು ಮರಳಿಸುವುದನ್ನೇ ಮರೆತು, ಕೋಟಿನ ಜೇಬಿಗಿಳಿಸಿಕೊಂಡು, ಎದುರು ದಿಕ್ಕಿನ ಟ್ರಾಮ್ ಹತ್ತಿದ್ದ. ಮರುವರ್ಷ ಬಂದಾಗ ಅದನ್ನು ಸ್ವೆಟರಿನಲ್ಲಿ ಸುತ್ತಿ ಅಮ್ಮನಿಗೆ ಉಡುಗೊರೆ ಎಂದು ಕೊಟ್ಟ. ಅಕ್ಕ ದಿನಾ ಬೆಳಿಗ್ಗೆ ಜೀರಿಗೆ ಕಷಾಯ ಕುಡಿಯುವುದು ಅದರಲ್ಲೇ.